ಆಸೆ ಬಂದಾಗೊಂದು ಸಾ

ತಿನ್ನಬಾರದ್ದನ್ನು ತಿನ್ನದೇ ಇರಲು ಜನ ಹೂಡುವ ಉಪಾಯಗಳು ಎಲ್ಲ ಊರಲ್ಲೂ ನಡೆಯುತ್ತವೆ, ಎಲ್ಲ ಊರಲ್ಲೂ ಹೀಗೇ ಮುಗಿಯುತ್ತವೆ. ಇಲ್ಲಿ ಭಿಲಾಯಿಯಲ್ಲಿ, ನನ್ನ ಮಗಳ ಮನೆಯಲ್ಲಿ, ಅಳಿಯನಿಗೆ ಬಿಸ್ಕತ್ತು ತಿನ್ನಬೇಡಿ ಎಂದು ಡಾಕ್ಟರು ಹೇಳಿದ್ದಾರೆ. ಆತ ಬಿಸ್ಕತ್ತಿನ ಡಬ್ಬಿಯನ್ನು ಕಪಾಟಿನ ನೆತ್ತಿಯ ಮೇಲಿಟ್ಟು, ಹತ್ತಲು ಬರಬಾರದೆಂದು ಸ್ಟೂಲನ್ನು ಪಕ್ಕದ ಮನೆಗೆ ಕೊಟ್ಟುಬಂದರು. ಮೊನ್ನೆ ಮಧ್ಯಾಹ್ನ ಆ ಸ್ಟೂಲು ಇಸಕೊಂಡು ಬರಲು ಹೋದವರು ಎಷ್ಟು ಹೊತ್ತಾದರೂ ಬರಲಿಲ್ಲ. ಹೋಗಿ ನೋಡಿದರೆ ಅದೇ ಸ್ಟೂಲಿನ ಮೇಲೆ ಕೂತು ಪಕ್ಕದ ಮನೆಯವರ ಬಿಸ್ಕತ್ತು ತಿನ್ನುತ್ತಿದ್ದರು.

ಮನೆಗೆ ಬಂದು ಒಬ್ಬಳೇ ಕೂತು ನಕ್ಕೆ. ನಕ್ಕಿದ್ದು ಅಳಿಯನನ್ನು ನೋಡಿ ಅಲ್ಲ. ನಮ್ಮ ಹಳೇ ಹುಬ್ಬಳ್ಳಿಯ ಮನೆ ನೆನಪಾಯಿತು. ನಾನು ಹುಟ್ಟಿದ್ದೂ ಅಲ್ಲೇ, ಮದುವೆಯಾಗಿ ಹೋದದ್ದೂ ಅಲ್ಲೇ. ತವರಿಗೂ ಅತ್ತೆಯ ಮನೆಗೂ ನಡುವೆ ಇದ್ದದ್ದು ಒಂದು ಓಣಿ. ಮದುವೆಯಾದ ಹೊಸತರಲ್ಲಿ, ಅರವತ್ತರ ದಶಕ ಶುರುವಾದ ಕಾಲದಲ್ಲಿ, ನಮ್ಮವರ ಬಾಯಿಂದ ಮಿರ್ಚಿ ಬಿಡಿಸಲು ನಾವೆಲ್ಲ ಪಟ್ಟ ಪಾಡು ಇದು.

ನೀರು ಬೇಡವೆಂದದ್ದು

ಉದ್ದನೆಯ ಹಸಿಮೆಣಸಿನಕಾಯಿಯನ್ನು ಅಜವಾನ ಬೆರೆಸಿದ ಕಡಲೆಹಿಟ್ಟಿನಲ್ಲಿ ಅದ್ದಿ ಕರಿದ ಭಜಿಗೆ ನಮ್ಮ ಕಡೆ ಮಿರ್ಚಿ ಎಂದಷ್ಟೇ ಹೆಸರು. ನಮ್ಮವರಿಗೆ ಪ್ರಾಣ ಇದ್ದದ್ದು ಎರಡರಲ್ಲಿ. ಒಂದು ಹಾಡು, ಇನ್ನೊಂದು ಮಿರ್ಚಿ. ಹಗಲು ದುರ್ಗದಬೈಲಿನಲ್ಲಿ ಮಾವನವರ ಹತ್ತಿ-ಶೇಂಗಾದ ಅಂಗಡಿಯಲ್ಲಿ ಕೂಡುವುದು, ಸಂಜೆ ಗುರುಗಳ ಮನೆಯಲ್ಲಿ ತಂಬೂರಿ ಹಿಡಿದು ಕೂಡುವುದು. ಇವೆರಡರ ನಡುವೆ ಮಿರ್ಚಿ ಕಾಕಾನ ಗಾಡಿಯ ಮುಂದೆ ನಿಲ್ಲುವುದು.

ಧಾರವಾಡದ ರೇಡಿಯೋದಲ್ಲಿ ಹಾಡಬೇಕೆಂಬುದು ಇವರ ಬಹಳ ದಿನದ ಆಸೆ. ಧ್ವನಿ ಪರೀಕ್ಷೆಗೆ ಕರೆ ಬಂತು. ಹೋಗುವಾಗ ರೈಲ್ವೆ ಸ್ಟೇಷನ್ನಿನ ಮುಂದೆ ಬಿಸಿ ಮಿರ್ಚಿ ಕಂಡಿತು. ಹಸಿದ ಹೊಟ್ಟೆಯಲ್ಲಿ ಹಾಡಬಾರದು ಎಂದು ತಮಗೆ ತಾವೇ ಹೇಳಿಕೊಂಡು ಒಂದು ತಾಟು ಮುಗಿಸಿ ರೈಲು ಹತ್ತಿದರು.

ಪರೀಕ್ಷೆಯಲ್ಲಿ ಕೆಳಗಿನ ಸ್ವರಗಳೆಲ್ಲ ಸುಸೂತ್ರವಾಗಿ ಬಂದವಂತೆ. ಮೇಲಿನ ಸಾ ಹಚ್ಚಲು ಹೋದರೆ ಗಂಟಲು ಹಿಡಿಯಿತು. ಕೆಮ್ಮು ಬಂತು, ಕಣ್ಣಲ್ಲಿ ನೀರು ಬಂತು. ಪರೀಕ್ಷೆ ಮಾಡುವವರು ಒಳ್ಳೆಯವರು. "ಸ್ವಲ್ಪ ನೀರು ತರಿಸಲೇನ್ರಿ?" ಎಂದು ಕೇಳಿದರು.

ನಮ್ಮವರು ಕೈ ಮುಗಿದು, "ಬ್ಯಾಡ್ರಿ. ನೀರು ಕುಡದ್ರ ಖಾರ ಇನ್ನೂ ಏರತೈತಿ," ಎಂದರು.

ಪರೀಕ್ಷೆ ಅಲ್ಲಿಗೇ ಮುಗಿಯಿತು.

ಮನೆಗೆ ಬಂದ ಮೇಲೆ ಮಾವ ಕೂಗಾಡಲಿಲ್ಲ. ಅವರು ಮೆಲ್ಲಗೆ ಮಾತಾಡಿದರೇ ನಮಗೆ ಭಯ. "ಆರು ತಿಂಗಳಿಗೆ ಮತ್ತ ಕರೀತಾರಂತ. ಹೋಗು. ಆವಾಗೂ ಹಿಂಗ ಆತಂದ್ರ ತಂಬೂರಿ ಅಟ್ಟದ ಮ್ಯಾಲ, ನೀ ಗಾದಿ ಮ್ಯಾಲ. ಆಮ್ಯಾಲ ನಮ್ಮ ಮನ್ಯಾಗ ಹಾಡಿನ ಮಾತು ಬ್ಯಾಡ," ಎಂದರು. ಗಾದಿ ಎಂದರೆ ಅಂಗಡಿಯ ಗಾದಿ. ಮಾವ ಒಮ್ಮೆ ಆಡಿದ ಮಾತು ತಿರುಗಿಸಿದವರಲ್ಲ. ಅವತ್ತು ನಮ್ಮವರು ತಂಬೂರಿಗೆ ಗವಸು ಹಾಕುವಾಗ ಮಗುವಿಗೆ ಹೊದಿಸಿದಂತೆ ಹೊದಿಸಿದ್ದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಹೊಸ ದಾರಿ

ಗುರುಗಳು ಇವರನ್ನು ಕೂಡಿಸಿಕೊಂಡು ಕೇಳಿದರು: "ಗಂಟಲು ನಿಂದೋ, ಮಿರ್ಚಿ ಕಾಕಾಂದೋ? ಮೊದಲ ಅದನ್ನ ಇತ್ಯರ್ಥ ಮಾಡಿಕೋ. ಗಾಡಿ ಕಣ್ಣಿಗೆ ಬೀಳದಂಗ ಅಡ್ಡಾಡು."

ಕಾಕಾನ ಗಾಡಿ ನಿಲ್ಲುತ್ತಿದ್ದದ್ದು ನಮ್ಮ ಓಣಿಯಿಂದ ದುರ್ಗದಬೈಲಿಗೆ ತಿರುಗುವ ಮೂಲೆಯಲ್ಲಿ. ನಮ್ಮವರು ಆ ಮೂಲೆ ಬಿಟ್ಟರು. ಎಣ್ಣೆ ಗಾಣದ ಹಿಂದಿನ ಸಂದಿ ಹಿಡಿದು, ದೊಡ್ಡ ಸುತ್ತು ಹಾಕಿ ಅಂಗಡಿಗೆ ಹೋಗತೊಡಗಿದರು. ಕೆಲವು ದಿನ ಬಹಳ ಚೆನ್ನಾಗಿ ನಡೆಯಿತು. ಮುಖದ ಮೇಲೆ ಒಂದು ತೇಜಸ್ಸು ಕೂಡ ಬಂತು. "ಮನಸು ಅಂದ್ರ ಏನಿಲ್ಲ, ದಾರಿ ಬದಲಿ ಮಾಡೂದು ಅಷ್ಟ," ಎಂದು ನನಗೆ ಉಪದೇಶ ಮಾಡಿದರು.

ಮುಂದಿನ ವಾರ ಒಂದು ಸಂಜೆ ಬಂದವರ ಮೀಸೆಯ ಮೇಲೆ ಹಳದಿ ಪುಡಿ ಕಂಡಿತು.

"ರೀ, ಮೀಸಿ ಮ್ಯಾಲ ಏನದು?"

"ಭಂಡಾರ. ಗುಡಿಗೆ ಹೋಗಿದ್ದೆ."

"ಭಂಡಾರಕ್ಕ ಅಜವಾನದ ವಾಸನಿ ಯಾವಾಗಿಂದ ಬರಾಕತ್ತೈತಿ?"

ಅವರು ಹೋಗಿ ಮುಖ ತೊಳೆದುಕೊಂಡರು.

ಮರುದಿನ ನೀರಿಗೆ ಹೋದಾಗ ಕಾಕಾನೇ ಎದುರಾದ. ಅವನ ಮನೆ ನಮ್ಮ ಓಣಿಯ ಕೊನೆಯಲ್ಲೇ. "ಏನ್ ಕಾಕಾ, ಅವರಿಗೆ ಮಿರ್ಚಿ ಕೊಡಬ್ಯಾಡ ಅಂತ ನಮ್ಮತ್ತಿ ಹೇಳಿರಲಿಲ್ಲೇನು?" ಎಂದು ದಬಾಯಿಸಿದೆ.

ಕಾಕಾ ಕೊಂಚವೂ ಬೆದರಲಿಲ್ಲ. "ಕೊಡಬ್ಯಾಡ ಅಂದಿದ್ದು ಮೂಲಿ ಮ್ಯಾಲಿನ ಗಾಡಿ ಹಂತ್ಯಾಕ ಅಂತ ತಿಳಕೊಂಡೆ ಅಕ್ಕಾರ. ಆಮ್ಯಾಲ ಕೇಳಿದೆ, ಪಾಪ, ಸಣ್ಣ ಸಾವಕಾರ್ರು ದಿನಾ ಗಾಣದ ಸಂದ್ಯಾಗ ಹಾದು ಸುತ್ತ ಹಾಕಾಕತ್ತಾರಂತ. ಇಷ್ಟು ವರ್ಷದ ಗಿರಾಕಿ, ಬಿಸಲಾಗ ಅಷ್ಟು ದೂರ ನಡದು ನನ್ನ ಗಾಡಿತನ ಬರೂದು ಹೆಂಗ? ಅದಕ್ಕ ಗಾಡೀನ ಸಂದಿಗೆ ಒಯ್ದೆ."

ಬಾಯಿಗೆ ಬೇರೆ ಕೆಲಸ

ಇದನ್ನು ಕೇಳಿ ಗುರುಗಳು ಹೊಟ್ಟೆ ಹಿಡಿದು ನಕ್ಕರಂತೆ. "ಅವನ ಗಾಡಿಗೆ ಗಾಲಿ ಅದಾವ, ನಿನ್ನ ನಾಲಿಗಿಗೆ ಕೀಲಿ ಇಲ್ಲ. ಇನ್ನ ಓಡಿಹೋಗೂದು ಸಾಕು. ಆಸಿ ಬಂತಂದ್ರ ಅದರ ಜೋಡಿ ಬಡದಾಡಬ್ಯಾಡ. ಅದು ಬರತೈತಿ, ಏರತೈತಿ, ಹೋಗತೈತಿ. ಬಂದಾಗ ಬಾಯಿಗೆ ಬ್ಯಾರೆ ಕೆಲಸ ಕೊಡು. ಉಸಿರು ತುಂಬ ತಗೊಂಡು ಒಂದು ಸಾ ಹಚ್ಚು. ಉಸಿರು ಮುಗಿಯೂದರಾಗ ಆಸಿನೂ ಮುಗೀತೈತಿ," ಎಂದರು.

ನಮ್ಮವರು ಗುರುಗಳು ಹೇಳಿದ್ದನ್ನು ಅಕ್ಷರಕ್ಕೆ ಅಕ್ಷರ ಪಾಲಿಸುವವರು. ಆಸೆ ಬಂದಾಗ ಎಂದರೆ ಬಂದಾಗ. ಅದು ಗಡ್ಡ ಹೆರೆದುಕೊಳ್ಳುವಾಗ ಬರಲಿ, ಊಟದ ನಡುವೆ ಬರಲಿ, ಬೀಗರ ಜೊತೆ ಮಾತಾಡುವಾಗ ಬರಲಿ, ಕಣ್ಣು ಮುಚ್ಚಿ, ಎದೆ ಉಬ್ಬಿಸಿ, "ಸಾ..." ಎಂದು ಶುರುಮಾಡಿಬಿಡುವರು.

ಅಂಗಡಿಯಲ್ಲಿ ಒಂದು ದಿನ ಬೈರಿದೇವರಕೊಪ್ಪದ ರೈತನೊಬ್ಬ ಶೇಂಗಾದ ಚೀಲ ತಂದಿದ್ದ. ಚೀಲ ತಕ್ಕಡಿಗೆ ಏರಿತು. ಅದೇ ಹೊತ್ತಿಗೆ ಕಾಕಾ ಎಲ್ಲೋ ಎಣ್ಣೆಗೆ ಮೊದಲ ಮಿರ್ಚಿ ಬಿಟ್ಟಿರಬೇಕು, ಗಾಳಿಯಲ್ಲಿ ವಾಸನೆ ಬಂತು. ನಮ್ಮವರು ಕೈಯಲ್ಲಿದ್ದ ತೂಕದ ಕಲ್ಲನ್ನು ಹಾಗೇ ಹಿಡಿದು ಸಾ ಹಚ್ಚಿದರು.

ರೈತ ಗಾಬರಿಯಾಗಿ ತಲೆಯ ಪಟಗ ತೆಗೆದು ಕಂಕುಳಲ್ಲಿಟ್ಟುಕೊಂಡ, ಕೈ ಮುಗಿದು ನಿಂತ. ಬಹಳ ಹೊತ್ತಾದ ಮೇಲೆ ಮಾವನವರ ಕಿವಿಯಲ್ಲಿ ಕೇಳಿದ: "ಸಾವಕಾರ್ರ, ಪೂಜಿ ಇನ್ನೂ ಎಷ್ಟೊತ್ತು ಐತ್ರಿ?"

"ಪೂಜಿ ಅಲ್ಲಪಾ, ಮಿರ್ಚಿ," ಎಂದರು ಮಾವ.

ಮಧ್ಯಾಹ್ನದ ಆ ಸಾ ಎಷ್ಟು ಸರಿಯಾದ ಹೊತ್ತಿಗೆ ಬರುತ್ತಿತ್ತೆಂದರೆ, ಎದುರಿನ ಬಳೆ ಅಂಗಡಿಯವರು ಗಡಿಯಾರಕ್ಕೆ ಕೀಲಿ ಕೊಡುವುದನ್ನೇ ಬಿಟ್ಟರು. ಇವರ ಸಾ ಕೇಳಿ ಚಹಾ ತರಿಸುತ್ತಿದ್ದರು. ಮಾವ ಮನೆಗೆ ಬಂದು ಟೊಪ್ಪಿಗೆ ಗೂಟಕ್ಕೆ ಹಾಕುತ್ತ ಅತ್ತೆಗೆ ಹೇಳಿದರು: "ಮೊದಲ ಅವಗ ಆಸಿ ಆದ್ರ ಅವಗಷ್ಟ ಗೊತ್ತಾಗ್ತಿತ್ತು. ಈಗ ದುರ್ಗದಬೈಲಿಗೆಲ್ಲ ಗೊತ್ತಾಗಾಕತ್ತೈತಿ."

ಹಿತ್ತಲ ಬಾಗಿಲು

ಅತ್ತೆಗೆ ಮಗನ ಮೇಲೆ ಕನಿಕರ ಬಂತು. ಒಂದು ಸೋಮವಾರ ಪೂಜೆ ಮುಗಿಸಿ ಎದ್ದವರೇ ಮನೆಮಂದಿಯನ್ನೆಲ್ಲ ಕರೆದು ಹಣೆಗೆ ವಿಭೂತಿ ಹಚ್ಚಿದರು. "ನಾವು ತಿಂದು ಬಾಯಿ ಒರಸಿಕೋತ ಅವನ ಮುಂದ ಅಡ್ಡಾಡಿದ್ರ ಅವನ ಮನಸು ಹೆಂಗ ನಿಂತೀತು? ಅವನ ಪರೀಕ್ಷೆ ಆಗೂತನ ನಾವೂ ಮಿರ್ಚಿ ಬಿಡೂನು. ಮನ್ಯಾಗ ಕರಿಯೂದ ಬಂದ್," ಎಂದರು.

ಹೀಗೆ ತಂಬೂರಿಗೆಂದು ಮಾವ ಗೊತ್ತುಮಾಡಿದ ಅಟ್ಟಕ್ಕೆ ಮೊದಲು ಹೋದದ್ದು ನಮ್ಮ ಕಡಾಯಿ.

ಅದರ ಮೇಲೆ ನಮ್ಮವರು ಕಲ್ಲಿನಂತೆ ಗಟ್ಟಿಯಾದರು. "ನನ್ನ ಸಲುವಾಗಿ ವಯಸ್ಸಾದ ಅವ್ವ-ಅಪ್ಪ ಬಾಯಿ ಕಟ್ಯಾರ. ನಾ ಹೆಂಗ ತಿನ್ನಲಿ?" ಎನ್ನುವರು. ಆದರೆ ಪರೀಕ್ಷೆ ಹತ್ತಿರ ಬಂದಂತೆ ನನಗೇ ಅನುಮಾನ ಶುರುವಾಯಿತು. ಗುರುಗಳ ಮನೆಯಿಂದ ಬರುವುದು ತಡವಾಗುತ್ತಿತ್ತು. ಅಭ್ಯಾಸವೋ, ಕಾಕಾನೋ? ಒಂದು ಸಂಜೆ ಅತ್ತೆ ಪುರಾಣ ಕೇಳಲು ಮಠಕ್ಕೆ ಹೋದರು, ಮಾವ ಅಡ್ಡಾಡಿ ಬರುತ್ತೇನೆಂದು ಹೋದರು. ನಾನು ತಲೆಯ ಮೇಲೆ ಸೆರಗು ಎಳೆದುಕೊಂಡು ಕಾಕಾನ ಮನೆಯ ಹಿತ್ತಲ ಬಾಗಿಲಿಗೆ ಹೋದೆ. ಸಂಜೆ ಗಾಡಿ ಮತ್ತೆ ಹೊರಡುವ ಮೊದಲು ಅವನ ಹೆಂಡತಿ ಮನೆಯಲ್ಲೇ ಒಂದು ಸುತ್ತು ಕರಿಯುವುದು ಓಣಿಗೆಲ್ಲ ಗೊತ್ತಿತ್ತು. ಅವಳನ್ನೇ ಕೇಳಿಬಿಡೋಣ ಎಂದುಕೊಂಡೆ.

ಬಾಗಿಲು ತಳ್ಳಿದರೆ ಒಳಗೆ ಮಣೆಯ ಮೇಲೆ ಅತ್ತೆ ಕೂತಿದ್ದಾರೆ. ಕೈಯಲ್ಲಿ ಅರ್ಧ ಮಿರ್ಚಿ, ಉಳಿದರ್ಧ ಬಾಯಲ್ಲಿ.

ನುಂಗಿ ಆದ ಮೇಲೆ, "ಅವ ಏನರ ಇಲ್ಲಿ ಬರ್ತಾನೇನು ಅಂತ ನೋಡಾಕ ಬಂದೇನಿ," ಎಂದರು.

"ನಾನೂ ಅದಕ್ಕ ಬಂದೆ ಅತ್ತಿ," ಎಂದೆ.

ಅಷ್ಟರಲ್ಲಿ ಮುಂದಿನ ಪಡಸಾಲೆಯಿಂದ ಪರಿಚಯದ ದನಿ ಕೇಳಿತು. "ಇನ್ನೊಂದು ಎರಡು ಹಾಕು ಕಾಕಾ. ಮೆತ್ತಗಿದ್ದದ್ದು ಬ್ಯಾಡ, ಗರಿಗರಿ ಇದ್ದದ್ದು ಹಾಕು." ಮಾವನವರು. ಅತ್ತೆ ಎದ್ದು ಹೋಗಿ ಬಾಗಿಲಲ್ಲಿ ನಿಂತರು. ಮಾವ ತಾಟನ್ನು ಧೋತರದ ಮರೆಗೆ ಸರಿಸಿ, "ಮಗನ್ನ ನೋಡಾಕ ಬಂದಿದ್ದೆ," ಎಂದರು.

ಕಾಕಾ ಹಿಟ್ಟಿನ ಕೈ ಮುಂದೆ ಹಿಡಿದುಕೊಂಡು ನಡುವೆ ಬಂದು ನಿಂತ. ಅವನ ಮುಖದಲ್ಲಿ ನಿಜವಾದ ಬೇಸರವಿತ್ತು. "ಏನ್ ಹೇಳಲಿ ಅಕ್ಕಾರ. ಮನಿಮಂದೆಲ್ಲಾ ದಿನಾ ಅವರನ್ನ ನೋಡಾಕ ಬರ್ತೀರಿ. ಅವರೊಬ್ರ ಬರಂಗಿಲ್ಲ," ಎಂದ.

ಅಷ್ಟರಲ್ಲಿ ಅವನ ಹೆಂಡತಿ ನನ್ನ ಮುಂದೆಯೂ ಒಂದು ತಾಟು ಇಟ್ಟಳು. ಬೇಡವೆಂದರೆ ಅವಳು ಬೇಸರ ಮಾಡಿಕೊಳ್ಳುತ್ತಿದ್ದಳು.

ಮೂವರೂ ಜೊತೆಯಾಗಿ ಮನೆಗೆ ನಡೆದೆವು. ಹೊಸ್ತಿಲಲ್ಲಿ ಅತ್ತೆ ಸೆರಗಿನಿಂದ ಬಾಯಿ ಒರೆಸಿಕೊಂಡು ಮೆಲ್ಲಗೆ ಹೇಳಿದರು: "ಅವಗೇನೂ ಹೇಳಬ್ಯಾಡ ಯವ್ವಾ. ಪಾಪ, ನಮ್ಮ ವ್ರತ ನೋಡಿ ಗಟ್ಟಿ ಆಗ್ಯಾನ."

ಉದ್ದ ಎಳೆಯ ಹತ್ತಿ

ಎರಡನೆಯ ಪರೀಕ್ಷೆಯ ದಿನ ಬಂತು. ಮಾವ ತಾವೇ ಜೊತೆಗೆ ಹೊರಟರು. ಅವರಿಗೆ ಸ್ಟೇಷನ್ನಿನ ಮುಂದಿನ ಮಿರ್ಚಿಯದೇ ಚಿಂತೆ. ಕಣ್ಣು ಮುಚ್ಚಿಸಬಹುದು, ಮೂಗಿಗೇನು ಮಾಡುವುದು? ಹತ್ತಿ ವ್ಯಾಪಾರಿಗೆ ಹೊಳೆದದ್ದು ಹತ್ತಿಯೇ. ಅಂಗಡಿಯಿಂದ ಒಳ್ಳೆಯ ಉದ್ದ ಎಳೆಯ ಹತ್ತಿ ತಂದು, ಬತ್ತಿ ಹೊಸೆದು, ಮಗನ ಮೂಗಿನ ಎರಡೂ ಹೊಳ್ಳೆಗೆ ಭದ್ರವಾಗಿ ತುರುಕಿದರು. ನಮ್ಮವರು ಬಾಯಿಂದ ಉಸಿರಾಡುತ್ತ ಸ್ಟೇಷನ್ನು ದಾಟಿದರು, ರೈಲು ಹತ್ತಿದರು, ಧಾರವಾಡ ಮುಟ್ಟಿದರು. ಮಿರ್ಚಿಯ ವಾಸನೆ ಹತ್ತಿರ ಸುಳಿಯಲಿಲ್ಲ.

ಮೂಗಿನಲ್ಲಿ ಹತ್ತಿ ಇದೆ ಎಂಬುದು ತಂದೆಗೂ ಮರೆತುಹೋಯಿತು, ಮಗನಿಗೂ ಮರೆತುಹೋಯಿತು.

ಹಾಡಲು ಕೂತು ಬಾಯಿ ತೆರೆದರೆ ಬಂದ ದನಿ ಡಬ್ಬಿಯೊಳಗೆ ಸಿಕ್ಕ ದುಂಬಿಯದು. ಪರೀಕ್ಷೆ ಮಾಡುವವರು ಕೈ ಎತ್ತಿ ನಿಲ್ಲಿಸಿದರು. "ನೆಗಡಿ ಭಾಳ ಆಗೈತೇನ್ರಿ? ಬೇಕಂದ್ರ ಮುಂದಿನ ಸಲ ಬರ್ರಿ."

ಮುಂದಿನ ಸಲ ಎಂದರೆ ತಂಬೂರಿ ಅಟ್ಟಕ್ಕೆ. ನಮ್ಮವರಿಗೆ ಆಗ ನೆನಪಾಯಿತು. ಬೆರಳು ಹಾಕಿ ಎಳೆದರು. ಮಾವನವರ ಹತ್ತಿ, ಎಳೆದಷ್ಟೂ ಬಂತು. ತಬಲಾದವರು ಶ್ರುತಿ ಮಾಡುವ ಸುತ್ತಿಗೆ ಕೈಯಲ್ಲಿ ಹಿಡಿದು ನೋಡುತ್ತಲೇ ಕೂತರಂತೆ. ಎರಡೂ ಕಡೆಯದು ಹೊರಗೆ ಬಂದು, ಮೂಗು ತೆರೆದು, ಒಂದು ದೀರ್ಘ ಉಸಿರು ಎಳೆದುಕೊಂಡರೋ ಇಲ್ಲವೋ, ಆ ಉಸಿರಿನ ಜೊತೆಗೇ ಬಂತು ವಾಸನೆ. ತಬಲಾದವರು ತಮ್ಮ ಚೀಲದಲ್ಲಿ ಕಾಗದ ಸುತ್ತಿದ ಬಿಸಿ ಮಿರ್ಚಿ ಇಟ್ಟುಕೊಂಡಿದ್ದರು.

ಆರು ತಿಂಗಳಿನಿಂದ ವಾಸನೆ ಬಂದಾಗಲೆಲ್ಲ ಏನು ಮಾಡುತ್ತಿದ್ದರೋ ಅದನ್ನೇ ಮಾಡಿದರು. ಕಣ್ಣು ಮುಚ್ಚಿದರು, ಸಾ ಹಚ್ಚಿದರು. ತೂಕದ ಕಲ್ಲು ಹಿಡಿದು, ಗಡ್ಡದ ಸಾಬೂನು ಹಚ್ಚಿಕೊಂಡು, ಬೀಗರ ಮುಂದೆ ಮಾನ ಬಿಟ್ಟು ತಿದ್ದಿದ ಸಾ ಅದು. ಒಂಚೂರು ಅಲುಗಾಡಲಿಲ್ಲ. ಅಲ್ಲಿಂದ ಮೇಲಿನ ಸಾ ತನಕ ಮೆಟ್ಟಿಲು ಹತ್ತಿದಂತೆ ಹತ್ತಿದರು. ಮಿರ್ಚಿ ಆ ಚೀಲದಲ್ಲಿ ಇರುವತನಕ ಇವರ ಹಾಡು ನಿಲ್ಲುವ ಲಕ್ಷಣವಿರಲಿಲ್ಲ; ಪರೀಕ್ಷೆ ಮಾಡುವವರೇ ಸಾಕೆಂದು ನಿಲ್ಲಿಸಿದರಂತೆ.

ಮಾವ ಇದನ್ನೆಲ್ಲ ಬಾಗಿಲ ಗಾಜಿನಿಂದ ನೋಡಿದ್ದರು. ಮನೆಗೆ ಬಂದಾಗ ನಾನು ಓಡಿ ಹೋಗಿ, "ಹೆಂಗಾತ್ರಿ ಮಾವಾರ?" ಎಂದು ಕೇಳಿದೆ.

"ಹಾಡಿನ ವಿಷಯ ನನಗೇನು ತಿಳೀತೈತಿ," ಎಂದರು. ಆಮೇಲೆ ಎದೆ ಮುಂದೆ ಮಾಡಿ ಹೇಳಿದರು: "ಆದ್ರ ಅಷ್ಟು ಎಳದ್ರೂ ಎಳಿ ಎಲ್ಲೂ ಹರೀಲಿಲ್ಲ ನೋಡವಾ."

ರೇಡಿಯೋ ಸಂಜೆ

ಪಾಸಾದ ಸುದ್ದಿ ಬಂತು. ತಂಬೂರಿ ಇದ್ದಲ್ಲೇ ಉಳಿಯಿತು. ಅದರ ಪಕ್ಕಕ್ಕೆ ಮಾವ ಒಂದು ರೇಡಿಯೋ ತಂದಿಟ್ಟರು. ಬೇರೆ ಯಾರಾದರೂ ಕೇಳಿದರೆ, "ಪ್ಯಾಟಿ ಧಾರಣಿ ಕೇಳಾಕ ಬೇಕಿತ್ತು," ಎನ್ನುವರು.

ಮೊದಲ ಕಾರ್ಯಕ್ರಮ ಒಂದು ಸಂಜೆ. ಆಗೆಲ್ಲ ಅಲ್ಲಿ ಹಾಡುತ್ತಿದ್ದಂತೆಯೇ ಇಲ್ಲಿ ಕೇಳುತ್ತಿತ್ತು. ನಮ್ಮವರು ಗುರುಗಳ ಜೊತೆ ಧಾರವಾಡಕ್ಕೆ ಹೋದರು. ಓಣಿಯ ಜನರೆಲ್ಲ ನಮ್ಮ ಅಂಗಳದಲ್ಲಿ ನೆರೆದರು. ಅತ್ತೆ ಎಲ್ಲರೆದುರು ವ್ರತ ಮುಗಿಯಿತೆಂದು ಸಾರಿದರು. ಕಡಾಯಿ ಅಟ್ಟದಿಂದ ಇಳಿಯಿತು. ಅದು ಸಾಲುವುದಿಲ್ಲವೆಂದು ಕಾಕಾ ತನ್ನ ಗಾಡಿಯನ್ನೇ ಅಂಗಳಕ್ಕೆ ತಳ್ಳಿಕೊಂಡು ಬಂದ. "ನನ್ನ ಗಿರಾಕಿ ರೇಡಿಯೋದಾಗ ಹಾಡ್ತಾರ, ಇವತ್ತ ರೊಕ್ಕ ಮುಟ್ಟಂಗಿಲ್ಲ," ಎಂದ.

ಆ ಮಾತು ಕೇಳಿದ ಮೇಲೆ ರೇಡಿಯೋದ ಸುತ್ತ ಇದ್ದ ಜನ ಒಬ್ಬೊಬ್ಬರಾಗಿ ಗಾಡಿಯ ಸುತ್ತ ಹೋದರು. ಕೊನೆಗೆ ರೇಡಿಯೋದ ಮುಂದೆ ಉಳಿದವರು ನಾನು ಮತ್ತು ಮಾವ. ಹೆಸರು ಹೇಳಿದರು. ತಂಬೂರಿ ಕೇಳಿತು. ಆಮೇಲೆ ಆ ಸಾ ಬಂತು. ನಮ್ಮ ಮನೆಯ ಮೂಲೆಮೂಲೆಗೆ ಪರಿಚಯವಿದ್ದ ಸಾ, ಈಗ ಧಾರವಾಡದಿಂದ ಬಂದು ಅಂಗಳದಲ್ಲಿ ನಿಂತಿತು. ಕಾಕಾ ಸೌಟು ಎತ್ತಿದವನು ಎತ್ತಿದಂತೆಯೇ ನಿಂತ. ಎಣ್ಣೆಯೊಂದನ್ನು ಬಿಟ್ಟು ಎಲ್ಲರೂ ಸುಮ್ಮನಾದರು.

ಮಾವ ಕಣ್ಣು ಒರೆಸಿಕೊಂಡರು. ನಾನು ನೋಡಿದ್ದನ್ನು ನೋಡಿ, "ಖಾರ ಭಾಳ ಐತಿ," ಎಂದರು. ಅವರ ತಾಟು ಇನ್ನೂ ಬಂದಿರಲಿಲ್ಲ.

ಹಾಡು ಮುಗಿದ ಮೇಲೆ ತಿನ್ನುವುದು ಮತ್ತೆ ಶುರುವಾಗಿ ನಮ್ಮವರು ಬರುವ ತನಕ ನಡೆದೇ ಇತ್ತು. ಇವರು ಗುರುಗಳ ಹಿಂದೆ ಬಂದರು. ಶಾಲು ಹೊದ್ದಿದ್ದರು, ಮುಖದಲ್ಲಿ ನಾಚಿಕೆ. ನೇರವಾಗಿ ತಾಯಿಯ ಹತ್ತಿರ ಹೋಗಿ ಕಾಲು ಮುಟ್ಟಿ ಕೇಳಿದರು: "ಅವ್ವಾ, ಹೆಂಗಿತ್ತು?"

ಅತ್ತೆ ಬಾಯಲ್ಲಿದ್ದದ್ದನ್ನು ಒಂದು ಕಡೆ ಸರಿಸಿ ಹೇಳಿದರು: "ಉಪ್ಪು ಒಂಚೂರು ಕಡಿಮಿ ಆಗಿತ್ತಪಾ. ಉಳದದ್ದೆಲ್ಲ ಛಲೋ ಇತ್ತು."

"ಅವ ಹಾಡು ಹೆಂಗಿತ್ತು ಅಂತ ಕೇಳಾಕತ್ತಾನ," ಎಂದರು ಮಾವ.

"ಹಾಡೇನು, ಮನ್ಯಾಗ ದಿನಾ ಕೇಳೂದ ಐತಲ್ಲ," ಎಂದರು ಅತ್ತೆ. ಆದರೆ ಮಗನ ಮುಖ ಸವರಿ ನೆಟಿಗೆ ಮುರಿದು ದೃಷ್ಟಿ ತೆಗೆದದ್ದು ಅಂಗಳಕ್ಕೆಲ್ಲ ಕೇಳುವಷ್ಟು ಜೋರಾಗಿ.

ನಾನು ಒಂದು ಬಟ್ಟಲಿನ ಕೆಳಗೆ ಎರಡು ಮಿರ್ಚಿ ಮುಚ್ಚಿಟ್ಟಿದ್ದೆ. ತಾಟಿನಲ್ಲಿ ತಂದು ಅವರ ಮುಂದೆ ಇಟ್ಟೆ. ಅಂಗಳದವರೆಲ್ಲ ತಿರುಗಿ ನೋಡಿದರು. ಗುರುಗಳು, "ತಿನ್ನಪಾ. ಇವತ್ತೊಂದಿನ ನನ್ನ ಅಪ್ಪಣಿ ಐತಿ," ಎಂದರು. ಕಾಕಾ ಕೈ ಒರೆಸಿಕೊಂಡು ಹತ್ತಿರ ಬಂದು ನಿಂತ.

ನಮ್ಮವರು ಮಿರ್ಚಿಯನ್ನು ತೊಟ್ಟು ಹಿಡಿದು ಎತ್ತಿದರು. ಮೂಗಿನ ಹತ್ತಿರ ತಂದರು. ಕಣ್ಣು ತಾನಾಗಿ ಮುಚ್ಚಿತು. ಎದೆ ಉಬ್ಬಿತು. ಬಾಯಿ ತೆರೆಯಿತು.

"ಸಾ..."

ನಿಲ್ಲಿಸಿ, ತಲೆ ಕೊಡವಿ, ಮತ್ತೆ ಮಿರ್ಚಿ ಬಾಯಿಗೆ ತಂದರು. ಮತ್ತೆ ಸಾ. ಮೂರನೆಯ ಸಲ ಗುರುಗಳೇ ನಗು ತಡೆಯಲಾರದೆ ಗೋಡೆಗೆ ಒರಗಿದರು. ದುರ್ಗದಬೈಲಿನಿಂದ ಬಂದಿದ್ದ ಬಳೆ ಅಂಗಡಿಯವರು ಅಭ್ಯಾಸಬಲದಿಂದ ಚಹಾ ಕೇಳಿದರು. ನಮ್ಮವರು ಮಾತ್ರ ಒಂದು ಕೈಯಲ್ಲಿ ಮಿರ್ಚಿ ಹಿಡಿದು ಕಣ್ಣು ಮುಚ್ಚಿ ಹಾಡುತ್ತಲೇ ಇದ್ದರು, ಉಸಿರು ಮುಗಿಯುತ್ತಿತ್ತು, ಆಸೆ ಮುಗಿಯುತ್ತಿರಲಿಲ್ಲ.

ಅತ್ತೆ ಮಣೆಯನ್ನು ಮಗನ ಹತ್ತಿರಕ್ಕೆ ಎಳೆದುಕೊಂಡು ಕೂತು, ಅವನ ಕೈಯಿಂದ ಮೆಲ್ಲಗೆ ಮಿರ್ಚಿ ಬಿಡಿಸಿಕೊಂಡರು.

"ನೀ ಹಾಡಪಾ, ಕೆಡಸಬ್ಯಾಡ," ಎಂದರು. "ಇದು ಆರಾಕತ್ತೈತಿ."